ತವರಿನ ತಪ್ಪಲೆ

ಅಕ್ಟೋಬರ್ 18, 1954, ಸೋಮವಾರ

ಈ ಡೈರಿ ತಂದುಕೊಟ್ಟವನು ನನ್ನ ಮಗ ಚೆಲುವರಾಜು. "ಗೋಡೆ ಜೊತೆ ಜಗಳ ಆಡೋ ಬದ್ಲು ಇದ್ರಲ್ಲಿ ಬರ್ಕೊ ಅವ್ವ" ಎಂದ. ವರ್ಷ ಮುಗಿಯುತ್ತಾ ಬಂದಾಗ ಡೈರಿ ಕೊಡುವ ಜಾಣ ಅವನೊಬ್ಬನೇ. ಅವನು ಕೆಲಸ ಮಾಡುವ ಲ್ಯಾಬೊರೇಟರಿಯಲ್ಲಿ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿತ್ತಂತೆ. ಹಾಗಿದ್ದರೆ ನನಗೂ ಅದಕ್ಕೂ ಸರಿಜೋಡಿ. ಲೋಯರ್ ಸೆಕೆಂಡರಿವರೆಗೆ ಓದಿದ್ದು ಅಗಸರ ಲೆಕ್ಕ ಬರೆಯುವುದಕ್ಕೆ ಬಿಟ್ಟರೆ ಇನ್ನೇನಕ್ಕೂ ಬರಲಿಲ್ಲ, ಈಗಲಾದರೂ ಬರಲಿ.

ಸೊಸೆ ನಾಗಮಣಿಯನ್ನು ಕ್ಷಯದ ಆಸ್ಪತ್ರೆಗೆ ಸೇರಿಸಿ ಒಂದು ವಾರ ಆಯಿತು. ಜಂಬೂ ಸವಾರಿಯ ದಿನ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಂಡಿತಂತೆ. ಅದನ್ನು ಮುಚ್ಚಿಟ್ಟುಕೊಂಡು ಮನೆ ತುಂಬಾ ನೆಂಟರಿಗೆ ಒಬ್ಬಟ್ಟು ತಟ್ಟಿ ಹಾಕಿದಳು, ಪುಣ್ಯಾತ್ಗಿತ್ತಿ. ಹೆಣ್ಣು ನೋಡಲು ಹೋದ ದಿನವೇ ನಾನು ಅಂದಿದ್ದೆ, ಹುಡುಗಿ ಹಂಚಿಕಡ್ಡಿ ಹಾಗಿದ್ದಾಳೆ, ನಮ್ಮ ಮನೆಗೆ ಆಗುವುದಿಲ್ಲ ಎಂದು. ಮಗ ಕೇಳಬೇಕಲ್ಲ. ಮೂರು ವರ್ಷ ಸಂಸಾರ ಮಾಡಿ, ಒಂದು ಮಗು ಹೆತ್ತು, ಈಗ ಹೋಗಿ ಮಲಗಿದ್ದಾಳೆ.

ಮೊಮ್ಮಗಳು ಚಾಮುಂಡೇಶ್ವರಿಗೆ ಇನ್ನೂ ಎರಡು ತುಂಬಿಲ್ಲ. ಚಾಮು ಎಂದರೆ ತಿರುಗಿ ನೋಡುತ್ತಾಳೆ. ಮಗುವನ್ನು ಆಸ್ಪತ್ರೆಯ ಹತ್ತಿರವೂ ತರಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹಾಗಾಗಿ ಅವಳ ಊಟ, ಸ್ನಾನ, ನಿದ್ದೆ ಎಲ್ಲ ನನ್ನ ಮಡಿಲಿಗೇ ಬಿತ್ತು. ಈ ಸೊಂಟ ಇಟ್ಟುಕೊಂಡು!

ಇವತ್ತು ಪಕ್ಕದ ಮನೆ ಪುಟ್ಟಬಸಮ್ಮ ನಲ್ಲಿಯ ಹತ್ತಿರ, "ಏನ್ ದೇವಿರಮ್ಮ, ಸೊಸೆ ಕಾಣಾಕೇ ಇಲ್ವಲ್ಲ?" ಎಂದಳು. "ತವರಿಗೆ ಹೋಗವ್ಳೆ ಕಣವ್ವ" ಎಂದೆ. ಕ್ಷಯ ಎಂದು ಬಾಯಿಬಿಟ್ಟರೆ ನಾಳೆಯಿಂದ ಈ ಪಡುವಾರಹಳ್ಳಿಯಲ್ಲಿ ನಮ್ಮ ಮನೆಯ ನೀರು ಮುಟ್ಟುವವರು ಇರುವುದಿಲ್ಲ.

ಅಕ್ಟೋಬರ್ 21, ಗುರುವಾರ

ಗುರುವಾರ, ಭಾನುವಾರ ಮಾತ್ರ ಆಸ್ಪತ್ರೆಗೆ ಬಿಡುತ್ತಾರೆ. ಚಾಮುವನ್ನು ಮಲಗಿಸಿ, ಪುಟ್ಟಬಸಮ್ಮನಿಗೆ ಒಪ್ಪಿಸಿ, ಯಾದವಗಿರಿಯ ಬಂಗಲೆಗಳ ಬೀದಿ ಹಿಡಿದು ನಡೆದೇ ಹೋದೆ. ಜಟಕಾದಲ್ಲಿ ಹೋದರೆ ಎಲ್ಲಿಗೆ ಎಂದು ಜಟಕಾದವನೂ ಕೇಳುತ್ತಾನೆ.

ಜಗುಲಿಯ ಮಂಚದಲ್ಲಿ ಮಲಗಿದ್ದಳು. ಊಟ ಸೇರುತ್ತಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಸೂಜಿ ಕೊಡುತ್ತೇವೆ, ಬಿಳಿ ಪುಡಿ ಔಷಧಿ ಕೊಡುತ್ತೇವೆ, ಎರಡೂ ಒಟ್ಟಿಗೆ ಇದ್ದರೇ ರೋಗ ಬಗ್ಗುವುದು. ಆದರೆ ಮೈಗೆ ಶಕ್ತಿ ಬರಬೇಕು, ತೂಕ ಏರಬೇಕು. ಏರಿದರೆ ಸಂಕ್ರಾಂತಿಯ ಹೊತ್ತಿಗೆ ಮನೆಗೆ ಕಳಿಸಬಹುದು. ಹೊರಗಿನ ನಾಟಿ ಮದ್ದು ಮಾತ್ರ ಕೂಡದು.

"ಚಾಮು ಏನ್ ಮಾಡ್ತಾವ್ಳೆ ಅತ್ತೆ?" ಎಂದು ಕೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಕೇಳಿದಳು. "ಚೆನ್ನಾಗವ್ಳೆ. ನಿನ್ನ ನೆನೆಸ್ಕೊಳೋದೇ ಇಲ್ಲ, ನೀನು ಯೋಚ್ನೆ ಬುಡು" ಎಂದೆ. ನೆಮ್ಮದಿಯಾಗಲಿ ಎಂದೇ ಹೇಳಿದ್ದು. ಅವಳು ಗೋಡೆ ಕಡೆಗೆ ತಿರುಗಿಕೊಂಡಳು. ಈಗಿನ ಹುಡುಗಿಯರಿಗೆ ಏನು ಹೇಳಿದರೂ ತಪ್ಪು.

ಅಕ್ಟೋಬರ್ 30, ಶನಿವಾರ

ಊಟದ ಹೊತ್ತಿಗೆ ನಾನೇ ಮಾತು ತೆಗೆದೆ. ನಾನು ಹುಡುಗಿಯಾಗಿದ್ದಾಗ ವಿಷಮಶೀತ ಜ್ವರ ಬಂದು ಮೂಳೆ ಚಕ್ಕಳ ಆಗಿದ್ದವಳನ್ನು ಎಬ್ಬಿಸಿ ಕೂರಿಸಿದ್ದು ನನ್ನ ತಾಯಿ ಮಾಡಿದ ನೆಲ್ಲಿಕಾಯಿ ಲೇಹ್ಯ. ಅದನ್ನು ಸೊಸೆಗೆ ಮಾಡಿಕೊಡುತ್ತೇನೆ ಎಂದೆ. ಚೆಲುವರಾಜು ನಗುತ್ತಾನೆ ಎಂದುಕೊಂಡಿದ್ದೆ. ಅವನು ತುತ್ತು ಬಿಟ್ಟು ನನ್ನ ಮುಖ ನೋಡಿದ.

ಅವರ ಲ್ಯಾಬೊರೇಟರಿಯಲ್ಲಿ ಈಗ ನೆಲ್ಲಿಕಾಯಿಯದೇ ಸಂಶೋಧನೆಯಂತೆ. ರೋಗ ತಡೆಯುವ ಸತ್ವ ಅದರಲ್ಲಿ ಇರುವಷ್ಟು ಕಿತ್ತಲೆಯಲ್ಲೂ ಇಲ್ಲವಂತೆ.

"ಆ ಸತ್ವಕ್ಕೆ ಗಾಳಿ ತಾಗಿದ್ರೆ ಆಗಲ್ಲ ಅವ್ವ. ಬದನೆಕಾಯಿ ಹೆಚ್ಚಿಟ್ರೆ ಕಪ್ಪಗಾಗಲ್ವಾ, ಹಂಗೆ ಕೆಟ್ಟೋಗುತ್ತೆ. ಬೇರೆ ಹಣ್ಣು ಒಣಗಿಸಿದ್ರೆ ಏನೂ ಉಳಿಯಲ್ಲ. ನೆಲ್ಲಿಕಾಯಿ ಒಣಗಿಸಿದ್ರೂ ಉಳಿಯುತ್ತೆ. ಯಾಕೆ ಹೇಳು?"

"ನಂಗೇನ್ ಗೊತ್ತಪ್ಪ, ನಾನೇನ್ ಬಿ.ಎಸ್ಸಿ. ಓದಿದ್ನಾ?"

"ಅದರ ಒಗರು. ಒಗರು ಇರೋದ್ರಿಂದ ಗಾಳಿ ಮೊದಲು ಒಗರನ್ನ ತಿನ್ನುತ್ತೆ, ಸತ್ವ ಒಳಗೆ ಹುಷಾರಾಗಿರುತ್ತೆ."

ಒಗರೇ ಕಾವಲು! ಕೇಳಿ ನನಗೆ ಬಹಳ ಸಂತೋಷವಾಯಿತು. ಈ ಮನೆಯಲ್ಲಿ ನನ್ನದೂ ಅದೇ ಕೆಲಸ. ಎಲ್ಲರೂ ಮುಖ ಹಿಂಡುತ್ತಾರೆ, ಆದರೆ ಮನೆ ಉಳಿದಿರುವುದು ಯಾರಿಂದ?

ಎದ್ದು ಹೋಗುವಾಗ, "ಹಿತ್ತಾಳೇಲಿ ಮಾಡ್ಬೇಡ, ಮಡಕೇಲಿ ಮಾಡು. ತಾಮ್ರ, ಹಿತ್ತಾಳೆ ತಾಗಿದ್ರೆ ಯಾವ ಒಗರೂ ಕಾಯಲ್ಲ" ಎಂದ. "ಕಲಾಯಿ ಹಾಕ್ಸಿರೋ ತಪ್ಪಲೆ ಕಣೋ, ನಿನ್ ಕೈಲಿ ಅಡುಗೆ ಕಲೀಬೇಕಾ ನಾನು?" ಎಂದೆ.

ನವೆಂಬರ್ 7, ಭಾನುವಾರ

ತುಳಸಿ ಹಬ್ಬ. ನನ್ನ ತವರು ಹೂಟಗಳ್ಳಿಯಿಂದ ತಮ್ಮ ಮರಿಸ್ವಾಮಿ ಗಾಡಿಯಲ್ಲಿ ಬಂದು ಒಂದು ಮೂಟೆ ನೆಲ್ಲಿಕಾಯಿ ಇಳಿಸಿ ಹೋದ. ಹೋದ ವಾರವೇ ತರುತ್ತೇನೆಂದಿದ್ದ, ನಾನೇ ಬೇಡವೆಂದೆ. ತುಳಸಿಗೆ ನೆಲ್ಲಿ ಕೊಂಬೆ ನೆಟ್ಟು ಮದುವೆ ಮಾಡುವವರೆಗೆ ಹೊಸ ನೆಲ್ಲಿ ಬಾಯಿಗಿಡುವ ಪದ್ಧತಿ ನಮ್ಮಲ್ಲಿಲ್ಲ.

ಚಾಮು ಕೊಂಬೆಯ ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದ್ದು ನೋಡಿ ಚೆಲುವರಾಜು ತುಂಬಾ ದಿನದ ಮೇಲೆ ನಕ್ಕ. ಆಮೇಲೆ, "ನಾಗು ಇದ್ದಿದ್ರೆ..." ಎಂದ. ಇದ್ದಿದ್ದರೆ ಅವಳೂ ನಗುತ್ತಿದ್ದಳು, ಅಷ್ಟೇ ತಾನೆ.

ನವೆಂಬರ್ 9, ಮಂಗಳವಾರ

ಬೆಳಗಿನಿಂದ ಒಲೆಯ ಮುಂದೆ. ನೆಲ್ಲಿಕಾಯಿ ಬೇಯಿಸಿ, ಬೀಜ ಬಿಡಿಸಿ, ಅರೆದು, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಬಿಟ್ಟು ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಕೊನೆಗೆ ಹಿಪ್ಪಲಿ, ಒಣಶುಂಠಿ, ಏಲಕ್ಕಿ.

ಮಾಡಿದ್ದು ನನ್ನ ತವರಿನ ಹಿತ್ತಾಳೆ ತಪ್ಪಲೆಯಲ್ಲಿ. ಮದುವೆಯಲ್ಲಿ ನನ್ನ ತಾಯಿ ಕೊಟ್ಟಿದ್ದು. ನನ್ನನ್ನು ಬದುಕಿಸಿದ ಲೇಹ್ಯವನ್ನು ಅವಳು ಮಾಡಿದ್ದೂ ಅದರಲ್ಲೇ. ತಳದಲ್ಲಿ ಒಂದು ಕಡೆ ಬೆಳ್ಳಗಿನ ಕಲಾಯಿ ಲೇಪ ಸ್ವಲ್ಪ ಸವೆದು ಹಿತ್ತಾಳೆಯ ಹಳದಿ ಇಣುಕುತ್ತಿತ್ತು, ಉಗುರಿನಷ್ಟು. ಕಲಾಯಿಯವನು ದೀಪಾವಳಿಗೆ ಬರುತ್ತೇನೆಂದವನು ಪತ್ತೆಯಿಲ್ಲ. ಅವನಿಗೆ ಕಾಯುತ್ತಾ ಕೂತರೆ ನೆಲ್ಲಿಕಾಯಿ ಕೊಳೆಯುತ್ತದೆ. ಮಡಕೆಯಲ್ಲಿ ಮಾಡಿದರೆ ಆ ಹದ ಎಲ್ಲಿ ಬರುತ್ತದೆ? ಉಗುರಿನಷ್ಟು ಹೋದರೆ ಏನೂ ಆಗುವುದಿಲ್ಲ.

ರಾತ್ರಿ ಅದರಲ್ಲೇ ಆರಲಿಕ್ಕೆ ಬಿಟ್ಟಿದ್ದೇನೆ. ಬೆಳಿಗ್ಗೆ ಪಿಂಗಾಣಿ ಭರಣಿಗೆ ತುಂಬುವುದು. ಬಣ್ಣ ಚೆನ್ನಾಗಿ ಬಂದಿದೆ. ರುಚಿ ನೋಡಲಿಲ್ಲ. ಮದ್ದನ್ನು ರೋಗಿಗಿಂತ ಮುಂಚೆ ಯಾರೂ ನಾಲಿಗೆಗೆ ಹಚ್ಚಬಾರದು, ಹಚ್ಚಿದರೆ ಗುಣ ಅವರಿಗೆ ಹೋಗುತ್ತದೆ ಎನ್ನುವುದು ನನ್ನ ತಾಯಿಯ ಕಟ್ಟಳೆ.

ನವೆಂಬರ್ 11, ಗುರುವಾರ

ಭರಣಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದೆ. "ಬೆಳಿಗ್ಗೆ ಒಂದ್ ಚಮಚ, ಸಾಯಂಕಾಲ ಒಂದ್ ಚಮಚ. ದಿಂಬಿನ ಕೆಳಗಿಟ್ಕೊ. ನರ್ಸಮ್ಮ ಕೇಳಿದ್ರೆ ಬಾಯ್ಬುಡ್ಬೇಡ" ಎಂದೆ. ಮೊದಲ ಚಮಚ ನಾನೇ ಅವಳ ಬಾಯಿಗಿಟ್ಟೆ. ನುಂಗುವಾಗ ಕಣ್ಣು ಮುಚ್ಚಿದಳು. ಆಮೇಲೆ ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು.

"ಎಂಗಿದೆ?"

"ಚೆನ್ನಾಗಿದೆ ಅತ್ತೆ. ನೀವೇ ಮಾಡಿದ್ರಾ?"

"ಇನ್ಯಾರು ನಿಮ್ಮಮ್ಮ ಬಂದು ಮಾಡ್ತಾರಾ?"

ನಕ್ಕಳು. ಅವಳಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಚಾಮುವಿಗೂ ಬೀಳುತ್ತದೆ, ಇಷ್ಟು ದಿನ ಅದು ನಮ್ಮ ಕಡೆಯದು ಎಂದುಕೊಂಡಿದ್ದೆ.

ನವೆಂಬರ್ 21, ಭಾನುವಾರ

ತೂಕ ಏರಿಲ್ಲ. ಲೇಹ್ಯ ಹಿಡಿಯಲು ಸಮಯ ಬೇಕು.

ನವೆಂಬರ್ 28, ಭಾನುವಾರ

ತೂಕ ಇಳಿದಿದೆ. ವಾಂತಿಯಂತೆ. ವಾರ್ಡಿನ ಆಯಾ ಮಾದೇವಮ್ಮ ಬಾಗಿಲಲ್ಲೇ ತಡೆದು, "ಏನ್ ತಿಂದ್ರೂ ಹೊರಗ್ ಹಾಕ್ತಾವ್ರೆ ಕಣಮ್ಮ, ನೋಡಕ್ಕಾಗಲ್ಲ" ಎಂದಳು.

ಮಂಚದ ಹತ್ತಿರ ಹೋಗಿ ಮೆಲ್ಲಗೆ, "ಲೇಹ್ಯ ತಿಂತಿದ್ದೀಯೋ, ಇಲ್ಲ ಚೆಲ್ತಿದ್ದೀಯೋ?" ಎಂದು ಕೇಳಿದೆ.

"ತಿಂತಿದ್ದೀನಿ ಅತ್ತೆ."

ಭರಣಿ ತೆಗೆದು ನೋಡಿದೆ. ಅರ್ಧಕ್ಕಿಂತ ಕೆಳಗೆ ಹೋಗಿತ್ತು. ತಿನ್ನುತ್ತಿರುವುದು ನಿಜ. "ಮದ್ದು ಅಂದ್ರೆ ಹೋಳಿಗೆ ಅಲ್ಲ. ಹೊಟ್ಟೆ ತೊಳೆಸಿದ್ರೂ ಹಿಡ್ಕೋಬೇಕು. ಗಟ್ಟಿ ಮನಸ್ಸು ಮಾಡು, ಮಗು ಮುಖ ನೋಡ್ಬೇಕೋ ಬ್ಯಾಡ್ವೋ?" ಎಂದೆ. ತಲೆಯಾಡಿಸಿದಳು. ಸ್ವಲ್ಪ ಜೋರಾಗಿಯೇ ಅಂದೆನೇನೋ. ಆದರೆ ಮೆತ್ತಗೆ ಹೇಳಿ ಯಾರನ್ನು ಬದುಕಿಸಿದ್ದೇವೆ?

ಮನೆಗೆ ಬಂದ ಮೇಲೆ ಚೆಲುವರಾಜು, "ಅವ್ವ, ಲೇಹ್ಯ ಕೊಡ್ತಾನೇ ಇದ್ದೀಯಾ? ವಾಂತಿ ಆಗ್ತಿದ್ರೆ ಕೊಡ್ಬೇಡ" ಎಂದ. ನಿಲ್ಲಿಸಿದ್ದೇನೆ ಎಂದೆ. ಗಂಡಸರಿಗೆ ಎಲ್ಲವನ್ನೂ ಹೇಳಿಕೊಂಡು ಕೂರಲಾಗುವುದಿಲ್ಲ.

ಡಿಸೆಂಬರ್ 3, ಶುಕ್ರವಾರ

ಇವತ್ತೊಂದು ಸಂತೋಷ. ಚಾಮುವಿಗೆ ಮಾತು ಒಡೆಯುತ್ತಿದೆ. ಮುದ್ದೆ ನುಂಗಿಸುತ್ತಿದ್ದಾಗ ನನ್ನ ಕೆನ್ನೆ ತಟ್ಟಿ "ಅವ್ವ" ಎಂದಳು! ಅವಳಪ್ಪ ನನ್ನನ್ನು ಕರೆಯುವುದನ್ನು ಕೇಳಿ ಕೇಳಿ ಕಲಿತಿದ್ದಾಳೆ, ಕಳ್ಳಿ. ಅಜ್ಜಿ ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ ಎಳೆಯ ಬಾಯಲ್ಲಿ ಹಾಗೆ ಕರೆಸಿಕೊಂಡದ್ದು. ಇನ್ನೊಂದು ಸಲ ಹೇಳಿಸಿದೆ, ಮತ್ತೊಂದು ಸಲ ಹೇಳಿಸಿದೆ.

ನಾಗಮಣಿಗೆ ಇದನ್ನು ಹೇಳಬಾರದು. ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾಳೆ.

ಡಿಸೆಂಬರ್ 12, ಭಾನುವಾರ

ಡಾಕ್ಟರು ನನ್ನನ್ನೂ ಚೆಲುವರಾಜುವನ್ನೂ ಮಂಚದ ಹತ್ತಿರ ನಿಲ್ಲಿಸಿಕೊಂಡು ಮಾತಾಡಿದರು. ವಾಂತಿ ನಿಲ್ಲುತ್ತಿಲ್ಲ, ಬಹುಶಃ ಬಿಳಿ ಪುಡಿ ಇವರ ಹೊಟ್ಟೆಗೆ ಒಗ್ಗುತ್ತಿಲ್ಲ, ಕೆಲವರಿಗೆ ಹಾಗಾಗುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಹೊರಗಿಂದ ಏನಾದ್ರೂ ತಿನ್ನಿಸ್ತಿದ್ದೀರಾ? ಇದ್ರೆ ಹೇಳಿ. ಇಲ್ಲ ಅಂದ್ರೆ ಪುಡಿ ನಿಲ್ಲಿಸ್ಬೇಕಾಗುತ್ತೆ" ಎಂದು ಕೇಳಿದರು.

ಚೆಲುವರಾಜು ನನ್ನ ಮುಖ ನೋಡಿದ.

"ಇಲ್ಲ ಸ್ವಾಮಿ" ಎಂದೆ.

ಡಾಕ್ಟರು ನಾಗಮಣಿಯನ್ನು ಕೇಳಿದರು. ಅವಳು ನನ್ನನ್ನು ನೋಡಿದಳು. ಅವಳ ತಲೆ ಇದ್ದ ದಿಂಬಿನ ಕೆಳಗೇ ಭರಣಿ ಇತ್ತು. "ಇಲ್ಲ ಡಾಕ್ಟ್ರೇ" ಎಂದಳು.

ಪುಡಿ ನಿಲ್ಲಿಸಿದರು. ಇನ್ನು ಬರಿಯ ಸೂಜಿ.

ಹೋಗಲಿ ಬಿಡು. ನೆಲ್ಲಿಕಾಯಿ ಯಾರಿಗಾದರೂ ಕೆಟ್ಟದ್ದು ಮಾಡಿದೆಯೇ? ಲ್ಯಾಬೊರೇಟರಿಯವರೇ ಒಪ್ಪಿದ್ದಾರೆ. ಆ ಪುಡಿಯದೇ ಕಾಟ ಇರಬೇಕು. ಉಳಿಸಿ ಒಣಗಿಸಿಟ್ಟ ನೆಲ್ಲಿಕಾಯಿಯಲ್ಲಿ ಗುರುವಾರ ಇನ್ನೊಂದು ಸಲ ಲೇಹ್ಯ ಮಾಡುತ್ತೇನೆ.

ಡಿಸೆಂಬರ್ 17, ಶುಕ್ರವಾರ

ನಿನ್ನೆ ಮಾಡಿದ ಲೇಹ್ಯ ತಪ್ಪಲೆಯಲ್ಲೇ ಇತ್ತು. ಬೆಳಿಗ್ಗೆ ನಾನು ಹಿತ್ತಲಲ್ಲಿದ್ದಾಗ ಚಾಮು ಮಣಿಕಟ್ಟಿನವರೆಗೂ ಕೈ ಅದ್ದಿಕೊಂಡು ನೆಕ್ಕುತ್ತಾ ಕೂತಿದ್ದಳು. ಬೈಯಬೇಕೆಂದವಳು ನಕ್ಕುಬಿಟ್ಟೆ. ಕೈ ತೊಳೆಸಿ ಕೆಳಗಿಳಿಸುವುದರೊಳಗೆ ವಾಂತಿ ಶುರುವಾಯಿತು. ಹಸುರು ಹಸುರಾಗಿ. ನಿಲ್ಲಲೇ ಇಲ್ಲ. ಮಗು ತಣ್ಣಗಾಗಿ ನನ್ನ ತೊಡೆಯ ಮೇಲೆ ಬಟ್ಟೆಯ ಹಾಗೆ ಬಿದ್ದುಕೊಂಡಿತು. ಚೆಲುವರಾಜು ಕೆಲಸಕ್ಕೆ ಹೋಗಿದ್ದ. ಪುಟ್ಟಬಸಮ್ಮ ಓಡಿ ಬಂದು ಮಜ್ಜಿಗೆ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟು "ಅವ್ವ" ಎಂದಳು. ದೇವರು ದೊಡ್ಡವನು.

ಅವಳು ಮಲಗಿದ ಮೇಲೆ ತಪ್ಪಲೆಗೆ ಬೆರಳು ಹಾಕಿ ನೆಕ್ಕಿದೆ.

ಕಿಲುಬು.

ಬಾಯಿಗೆ ಹಾಕುತ್ತಿದ್ದಂತೆಯೇ ಗೊತ್ತಾಗುತ್ತದೆ. ಹುಳಿ, ಬೆಲ್ಲ, ಏಲಕ್ಕಿ ಎಲ್ಲವನ್ನೂ ದಾಟಿ ನಾಲಿಗೆಯ ಬುಡಕ್ಕೆ ಹತ್ತುತ್ತದೆ. ಅಡುಗೆ ಮಾಡುವ ಯಾವ ಹೆಂಗಸಿಗೂ ಗೊತ್ತಾಗುತ್ತದೆ.

ಲೇಹ್ಯವನ್ನೆಲ್ಲ ತಿಪ್ಪೆಗೆ ಸುರಿದೆ. ತಪ್ಪಲೆಯನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗೆ ಹಿಡಿದು ನೋಡಿದೆ. ತಳದಲ್ಲಿ ಕಲಾಯಿಯೇ ಇಲ್ಲ. ಅಂಗೈಯಗಲ ಹಳದಿ. ಹೋದ ತಿಂಗಳು ಉಗುರಿನಷ್ಟೇ ಇತ್ತು. ಉಗುರಿನಷ್ಟೇ ಇತ್ತಾ? ಒಲೆಯ ಬೆಳಕಿನಲ್ಲಿ ನೋಡಿದ್ದು.

ಡಿಸೆಂಬರ್ 18, ಶನಿವಾರ

ಮಗುವಿಗೆ ಏನಾಯಿತೆಂದು ಚೆಲುವರಾಜು ಕೇಳಿದ. ಏನೋ ಅಜೀರ್ಣ ಎಂದೆ.

ಡಿಸೆಂಬರ್ 19, ಭಾನುವಾರ

ಆಸ್ಪತ್ರೆಗೆ ಹೋಗಬೇಕಿತ್ತು. ಚಾಮುವಿಗೆ ಸ್ವಲ್ಪ ನೆಗಡಿ. ಹೋಗಲಿಲ್ಲ. ಚೆಲುವರಾಜು ಒಬ್ಬನೇ ಹೋಗಿ ಬಂದ. "ನಿನ್ನ ಕೇಳಿದ್ಲು ಅವ್ವ" ಎಂದ.

ಡಿಸೆಂಬರ್ 21, ಮಂಗಳವಾರ

ಕಲಾಯಿಯವನು ಇವತ್ತು ಬಂದ! ಬೀದಿಯಲ್ಲಿ ಕೂಗಿಕೊಂಡು ಹೋದ. ನಾನು ಬಾಗಿಲು ಹಾಕಿಕೊಂಡೆ.

ಡಿಸೆಂಬರ್ 23, ಗುರುವಾರ

ಹೋದೆ. ಹೇಳಲಿಲ್ಲ.

ಮೂಗು, ಕಣ್ಣು ಬಿಟ್ಟರೆ ಮುಖದಲ್ಲಿ ಏನೂ ಉಳಿದಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತವೆ. ದಿಂಬಿನ ಕೆಳಗೆ ಕೈ ಹಾಕಿ ಭರಣಿ ತೆಗೆದುಕೊಂಡೆ. ತಳದಲ್ಲಿ ಒಂದೆರಡು ಚಮಚ ಇತ್ತು.

"ಯಾಕತ್ತೆ? ನಾ ತಪ್ಪದೆ ತಿಂತಿದ್ದೀನಲ್ಲ" ಎಂದಳು.

"ಸಾಕು. ನೆಲ್ಲಿಕಾಯಿ ಮುಗೀತು."

ಹೇಳಿದರೆ ಡಾಕ್ಟರು ಏನೆನ್ನುತ್ತಾರೆ? ಆಯಾ ಮಾದೇವಮ್ಮ ಕೇಳಿಸಿಕೊಳ್ಳುತ್ತಾಳೆ. ಚೆಲುವರಾಜು ಮಡಕೆಯಲ್ಲಿ ಮಾಡೆಂದು ಹೇಳಿದ್ದ, ನಿಲ್ಲಿಸಿದ್ದೇನೆಂದು ಅವನಿಗೆ ಸುಳ್ಳು ಹೇಳಿದ್ದೇನೆ. ಅವನು ಇನ್ನು ನನ್ನ ಕೈಯ ಅನ್ನ ಹೇಗೆ ತಿಂದಾನು? ಲೇಹ್ಯ ನಿಲ್ಲಿಸಿದ್ದಾಯಿತು, ವಾಂತಿ ತಾನಾಗಿ ನಿಲ್ಲುತ್ತದೆ, ಊಟ ಸೇರುತ್ತದೆ. ಹೇಳುವ ಅಗತ್ಯವೇನು?

ಬಿಳಿ ಪುಡಿ ನಿಂತಿದೆಯಲ್ಲ. ಎರಡೂ ಒಟ್ಟಿಗೆ ಇದ್ದರೇ ಬಗ್ಗುವುದು ಎಂದಿದ್ದರು.

ಡಿಸೆಂಬರ್ 26, ಭಾನುವಾರ

ಹೇಳಿದೆ.

ಮೊದಲು ಚೆಲುವರಾಜುವಿಗೆ, ದಾರಿಯಲ್ಲಿ, ಯಾದವಗಿರಿಯ ಒಂದು ಬಂಗಲೆಯ ಗೇಟಿನ ಮುಂದೆ. ಅವನು ನನಗಿಂತ ಮುಂದೆ ಬೇಗ ಬೇಗ ನಡೆದುಬಿಟ್ಟ. ಅವನ ಹಿಂದೆ ಓಡುವುದೇ ಆಯಿತು.

ಡಾಕ್ಟರೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಕೇಳಿಸಿಕೊಂಡು, ನರ್ಸನ್ನು ಕರೆದು ಪುಡಿ ಇವತ್ತಿನಿಂದಲೇ ಕೊಡಿ ಎಂದರು. "ಎರಡು ವಾರ ಹೋಯ್ತಲ್ಲಮ್ಮ" ಎಂದಷ್ಟೇ ಅಂದರು. ಇನ್ನೊಂದು ಸಲ ಎದೆಯ ಫೋಟೋ ತೆಗೆಯಬೇಕಂತೆ.

ಚೆಲುವರಾಜು ಡಾಕ್ಟರ ಜೊತೆ ಹೋದ. ನಾನು ಮಂಚದ ಹತ್ತಿರ ನಿಂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, "ತಪ್ಪಲೆಯ ಕಲಾಯಿ ಹೋಗಿತ್ತು ಕಣೆ" ಎಂದೆ.

"ಗೊತ್ತಿತ್ತು ಅತ್ತೆ" ಎಂದಳು.

"ಏನ್ ಗೊತ್ತಿತ್ತು?"

"ಮೊದ್ಲನೇ ದಿನಾನೇ ಗೊತ್ತಾಯ್ತು, ಕಿಲುಬು ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. "ಮತ್ಯಾಕೆ ತಿಂದೆ, ಮೂಳಿ! ಬಾಯಿರಲಿಲ್ವಾ ನಿಂಗೆ?"

ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಉಸಿರು ಹಿಡಿದುಕೊಂಡು ಹೇಳಿದಳು. "ನೀವು ಮಾಡ್ಕೊಂಡು ಬಂದಿದ್ರಲ್ಲ. ಮದ್ವೆಯಾಗಿ ಬಂದಾಗಿನಿಂದ ನಂಗೆ ಅಂತ ನೀವು ಒಲೆ ಹಚ್ಚಿದ್ದು ಅದೇ ಮೊದಲು. ಕಿಲುಬು ಅಂದ್ಬುಟ್ರೆ ಇನ್ನೊಂದ್ ಸಲ ಹಚ್ತೀರೋ ಇಲ್ವೋ ಅಂತ..."

ಬಾಣಂತನವೂ ಅವಳ ತವರಿನಲ್ಲೇ ಆಯಿತು. ಯೋಚಿಸಿ ನೋಡಿದೆ. ಅವಳು ಹೇಳಿದ್ದು ನಿಜ.

ಅವಳ ಕೈ ಹಿಡಿದುಕೊಂಡು ಕೂತೆ. ಸಮಯ ಆಯಿತೆಂದು ಆಯಾ ಗಂಟೆ ಬಾರಿಸಿದರೂ ಏಳಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಹಾಕಿಬಿಟ್ಟಳು ಈ ಹುಡುಗಿ.

ಜನವರಿ 14, 1955, ಶುಕ್ರವಾರ

ಡೈರಿ ಮುಗಿದಿತ್ತು. ಹೋದ ವರ್ಷದ ಜನವರಿಯ ಹಾಳೆಗಳು ಖಾಲಿ ಇದ್ದವು, ಅಲ್ಲಿಗೆ ತಿರುಗಿ ಬರೆಯುತ್ತಿದ್ದೇನೆ.

ಸಂಕ್ರಾಂತಿ. ನಾಗು ಮನೆಗೆ ಬರಬೇಕಾಗಿದ್ದ ಹಬ್ಬ. ಎದೆಯ ಫೋಟೋದಲ್ಲಿ ಇನ್ನೊಂದು ಕಡೆಗೂ ಹರಡಿದೆ ಎಂದು ಬಂದಿದೆ. ಆ ಎರಡು ವಾರದಿಂದಲೇ ಹರಡಿತೇ ಎಂದು ಡಾಕ್ಟರನ್ನು ಕೇಳಿದೆ. "ಹಾಗೆ ಖಂಡಿತ ಹೇಳೋಕಾಗಲ್ಲಮ್ಮ" ಎಂದರು. ಅಲ್ಲ ಎಂದೂ ಹೇಳಲಿಲ್ಲ.

ಎಳ್ಳು ಬೀರಲು ಪುಟ್ಟಬಸಮ್ಮನ ಮನೆಗೆ ಹೋದಾಗ, "ಹಬ್ಬಕ್ಕೂ ಬರ್ನಿಲ್ವಾ ಸೊಸೆ ತವರಿಂದ?" ಎಂದಳು. "ತವರಲ್ಲಿಲ್ಲ ಕಣವ್ವ. ಕ್ಷಯದ ಆಸ್ಪತ್ರೇಲವ್ಳೆ" ಎಂದೆ. ಚಾಚಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಎಳ್ಳು ಇಸಿದುಕೊಂಡಳು. ತಿನ್ನಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ಆದದ್ದಾಗಲಿ. ಹಾಗೆ ಹೇಳಿದ ಮೇಲೆ ಆಸ್ಪತ್ರೆಗೆ ಜಟಕಾದಲ್ಲೇ ಹೋಗಬಹುದು, ಕಬ್ಬು, ಸಕ್ಕರೆ ಅಚ್ಚು ಎಲ್ಲ ತೆಗೆದುಕೊಂಡು.

ಚೆಲುವರಾಜು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ. ಅನ್ನ ತಿನ್ನುತ್ತಾನೆ.

ಫೆಬ್ರವರಿ 20, ಭಾನುವಾರ

ಊಟ ಸೇರುತ್ತಿದೆ. ತೂಕ ಒಂದು ಪೌಂಡು ಏರಿದೆ. ಆದರೆ ಇಲ್ಲಿ ಆಗುವುದಿಲ್ಲವಂತೆ. ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ, ಮದರಾಸಿನ ಕಡೆಗೆ, ಕಳಿಸುತ್ತಾರೆ. ಎಷ್ಟು ದಿನ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ವರ್ಷ ಆಗಬಹುದು ಎಂದು ಮಾದೇವಮ್ಮ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಎಲ್ಲರೂ ವಾಪಸ್ಸು ಬರುವುದಿಲ್ಲ ಎಂದಳು.

ಡಾಕ್ಟರ ಅಪ್ಪಣೆ ಕೇಳಿ ಲೇಹ್ಯ ಮಾಡಿದೆ, ಹೊಸ ಮಡಕೆಯಲ್ಲಿ. ಹೂಟಗಳ್ಳಿಯ ಮರದಲ್ಲಿ ಉಳಿದಿದ್ದ ಕೊನೆಯ ಕಾಯಿಗಳು. ನಾನೇ ಮೊದಲು ನೆಕ್ಕಿ ನೋಡಿದೆ. ಗುಣ ನನಗೇ ಬರುವುದಿದ್ದರೆ ಬರಲಿ, ಮಿಕ್ಕಿದ್ದು ಅವಳಿಗಾಗಲಿ. ನಾಗು ಒಂದು ಚಮಚ ತಿಂದು, "ಇದೂ ಚೆನ್ನಾಗಿದೆ" ಎಂದಳು. ಇದೂ ಅಂತೆ! ಆ ಹುಡುಗಿಯ ನಾಲಿಗೆಯನ್ನು ಇನ್ನು ನಾನು ನಂಬುವುದಿಲ್ಲ.

ಫೆಬ್ರವರಿ 27, ಭಾನುವಾರ

ನಾಳೆ ರೈಲಿಗೆ ಹೋಗುತ್ತಾಳೆ, ಜೊತೆಗೆ ಚೆಲುವರಾಜು. ಹೋಗುವ ಮುಂಚೆ ಒಂದೇ ಒಂದು ಕೇಳಿದ್ದಳು, ದೂರದಿಂದಾದರೂ ಮಗುವನ್ನು ತೋರಿಸಿ ಎಂದು. ಡಾಕ್ಟರು, ಬೇಲಿಯ ಹೊರಗೆ ನಿಲ್ಲಿಸಿಕೊಂಡು ತೋರಿಸಿ ಎಂದು ಒಪ್ಪಿದರು.

ಚಾಮುವಿಗೆ ಹಸುರು ಲಂಗ ತೊಡಿಸಿ, ಎರಡು ಜುಟ್ಟು ಕಟ್ಟಿ, ಸೊಂಟದ ಮೇಲೆ ಕೂರಿಸಿಕೊಂಡು ಹೋದೆ. ತಂತಿ ಬೇಲಿಯ ಹೊರಗೆ ನಿಂತೆವು. ನಾಗು ಶಾಲು ಹೊದ್ದು ಮಾದೇವಮ್ಮನ ತೋಳು ಹಿಡಿದು ಜಗುಲಿಯ ಅಂಚಿಗೆ ಬಂದಳು. ತಲೆ ಬಾಚಿ ಹೂವು ಮುಡಿದಿದ್ದಳು. ಕೈ ಎತ್ತಿದಳು.

ಚಾಮು ನೋಡಿದಳು. ನನ್ನ ಗಲ್ಲ ಹಿಡಿದು ತಿರುಗಿಸಿ, "ಅವ್ವ, ಯಾಲು?" ಎಂದು ಕೇಳಿದಳು.

ಚಿಕ್ಕ ಮಕ್ಕಳ ದನಿ ದೂರ ಹೋಗುತ್ತದೆ. ಜಗುಲಿಯವರೆಗೂ ಹೋಗಿರಬೇಕು. ಎತ್ತಿದ ಕೈ ಹಾಗೇ ನಿಂತಿತು.

"ನಾನು ಅಜ್ಜಿ ಕಣೆ. ಅಗೋ, ಅಲ್ಲವ್ಳೆ ನಿಮ್ಮವ್ವ. ನೋಡು, ಹೂ ಮುಡ್ಕೊಂಡವ್ಳಲ್ಲ, ಅವ್ಳು" ಎಂದೆ. ಜೋರಾಗಿಯೇ ಹೇಳಿದೆ, ಅವಳಿಗೂ ಕೇಳಲಿ ಎಂದು. ಚಾಮು ನಕ್ಕು, ನನ್ನ ಕೆನ್ನೆ ತಟ್ಟಿ, "ಅವ್ವ" ಎಂದಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಆಮೇಲೆ ಜಗುಲಿಯ ಕಡೆ ಕೈ ಬೀಸಿದಳು. ಹಾಲಿನವನ ಎಮ್ಮೆಗೂ ಅವಳು ಹಾಗೇ ಬೀಸುತ್ತಾಳೆ. ಅದು ನಾಗುವಿಗೆ ಗೊತ್ತಿಲ್ಲ. ಅವಳೂ ಬೀಸಿದಳು, ಕೈ ಸೋಲುವವರೆಗೂ ಬೀಸಿದಳು. ಕೊನೆಗೆ ಬೆರಳುಗಳನ್ನು ಬಾಯಿಯ ಹತ್ತಿರ ತಂದು ಸನ್ನೆ ಮಾಡಿ ಕೇಳಿದಳು, ಊಟ ಆಯಿತಾ ಎಂದು. ಮಗುವನ್ನು ಕೇಳಿದಳೋ ನನ್ನನ್ನು ಕೇಳಿದಳೋ ತಿಳಿಯಲಿಲ್ಲ. ಆಯಿತು ಎಂದು ತಲೆಯಾಡಿಸಿದೆ.

ವಾಪಸ್ಸು ಬರುವಾಗ ಜಟಕಾ ಹತ್ತಲಿಲ್ಲ. ಯಾದವಗಿರಿಯ ಬೀದಿಯುದ್ದಕ್ಕೂ ನಡೆಯುತ್ತಾ, "ಅಜ್ಜಿ ಅನ್ನು, ಕಂದ" ಎಂದು ಹೇಳಿಕೊಟ್ಟೆ. "ಅವ್ವ" ಎಂದಳು. "ಅಜ್ಜಿ." "ಅವ್ವ." ಸಿಟ್ಟು ಬಂದು ಗದರಿದೆ. ಅತ್ತು ನನ್ನ ಕುತ್ತಿಗೆಯನ್ನೇ ಅವುಚಿಕೊಂಡಳು. ಮನೆಯ ಹತ್ತಿರ ಬಂದಾಗ ನಿದ್ದೆ ಹೋಗಿದ್ದಳು. ನಾಳೆ ಎದ್ದ ಮೇಲೆ ಮತ್ತೆ ಹೇಳಿಕೊಡಬೇಕು.